ಮೊದಲು ರುಚಿ, ಆಮೇಲೆ ಒಲೆ: ಬಿಯರ್ ಸವಿಯಲು, ತಯಾರಿಸಲು ಹೊಸಬರಿಗೊಂದು ಕೈಪಿಡಿ

ಬಿಯರ್ ಬಗ್ಗೆ ಕಲಿಯಬೇಕು ಎಂದುಕೊಂಡವರ ಮುಂದೆ ಎರಡು ಬೇರೆ ಬೇರೆ ವಿದ್ಯೆಗಳಿವೆ. ಲೋಟದಲ್ಲಿರುವುದನ್ನು ಗಮನವಿಟ್ಟು ಸವಿದು, ಅದರಲ್ಲಿ ಏನಿದೆ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂದು ಗುರುತಿಸುವುದು ಒಂದು. ಬಾರ್ಲಿ, ನೀರು, ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂವು, ಯೀಸ್ಟ್ ಇಟ್ಟುಕೊಂಡು ಮನೆಯಲ್ಲಿ ಅದನ್ನು ತಯಾರಿಸುವುದು ಇನ್ನೊಂದು. ಹೊಸಬರು ಸಾಮಾನ್ಯವಾಗಿ ಮೊದಲನೆಯದನ್ನು ಬಿಟ್ಟು ನೇರ ಎರಡನೆಯದಕ್ಕೆ ಕೈಹಾಕುತ್ತಾರೆ. ನಾಲ್ಕು ವಾರ ಕಾದು ಬಾಟಲಿ ತೆರೆದಾಗ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಸರಿಯಿಲ್ಲ ಎಂದು ಹೇಳಲು ಬರುವುದಿಲ್ಲ. ಹೇಳಲು ಬಾರದ ಮೇಲೆ ಮುಂದಿನ ಸಲ ತಿದ್ದುವುದಾದರೂ ಏನನ್ನು?

ಅದಕ್ಕೇ ಈ ಕೈಪಿಡಿಯ ಕ್ರಮ ಹೀಗಿದೆ: ಮೊದಲು ಮೂಗು, ನಾಲಿಗೆ ಪಳಗಲಿ. ಆಮೇಲೆ ಒಲೆ ಹಚ್ಚೋಣ. ಎರಡನ್ನೂ ಬೇರೆ ಬೇರೆಯಾಗಿಯೇ ಕಲಿಯಿರಿ, ಎರಡಕ್ಕೂ ಬೇರೆ ಬೇರೆ ಪುಸ್ತಕದಲ್ಲಿ ಟಿಪ್ಪಣಿ ಬರೆದಿಡಿ. ಕೊನೆಗೆ ಅವೆರಡನ್ನೂ ಒಟ್ಟಿಗೆ ಕೂಡಿಸುವುದು ಹೇಗೆಂದು ನೋಡೋಣ.

ಶುರುವಿಗೆ ಮುನ್ನ: ಕಾನೂನು ಮತ್ತು ಆರೋಗ್ಯ

ಕರ್ನಾಟಕದಲ್ಲಿರುವವರು ಈ ಲೇಖನದ ಮೊದಲ ಭಾಗವನ್ನಷ್ಟೇ ಅನುಸರಿಸಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದು ಮನೆಯವರಿಗಷ್ಟೇ ಮಾಡಿದ ಬಿಯರ್ ಆದರೂ ಅಷ್ಟೇ. ಬೆಂಗಳೂರಿನಲ್ಲಿ ಸವಿಯುವ ವಿದ್ಯೆ ಕಲಿಯಲು ಮೈಕ್ರೊಬ್ರೂವರಿಗಳಿಗೇನೂ ಬರವಿಲ್ಲ.

ತಯಾರಿಸುವ ಭಾಗ ಅದಕ್ಕೆ ಅವಕಾಶವಿರುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರ್‌ಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು ಮರುವರ್ಷ ಜಾರಿಗೆ ಬಂತು. ಅದರಂತೆ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ಆದರೂ ರಾಜ್ಯಗಳ ಕಾನೂನು ಬೇರೆ ಬೇರೆ. ಅಲಬಾಮಾ, ಮಿಸ್ಸಿಸ್ಸಿಪ್ಪಿಗಳಲ್ಲಿ ಇದು ಸಕ್ರಮವಾದದ್ದು 2013ರಲ್ಲಿ. ನಿಮ್ಮ ರಾಜ್ಯದ ನಿಯಮ ನೋಡಿಕೊಂಡೇ ಮುಂದುವರಿಯಿರಿ. ಮನೆಯಲ್ಲಿ ಮಾಡಿದ್ದನ್ನು ಮಾರುವಂತಿಲ್ಲ.

ಇನ್ನೊಂದು ಗೆರೆ ಸ್ಪಷ್ಟವಾಗಿರಲಿ. ಬಿಯರ್ ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಭಟ್ಟಿ ಇಳಿಸುವುದು ಅಪಾಯಕಾರಿ. ಬಿಯರ್‌ಗೆ ಅನುಮತಿ ಇರುವ ಕಡೆಗಳಲ್ಲೂ ಬಹುಪಾಲು ಅದಕ್ಕೆ ಅನುಮತಿ ಇಲ್ಲ. ಅದರ ಗೊಡವೆ ಬೇಡ.

ಆರೋಗ್ಯದ ಮಾತೂ ಇದೆ. ಶೇ 5ರ ಬಿಯರ್‌ನ 355 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 14 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ವಾಹನ ಓಡಿಸಬೇಕಾದವರು, ಕಾನೂನು ಹೇಳಿದ ವಯಸ್ಸಾಗದವರು ದೂರವಿರಲಿ. ಕುಡಿಯದವರು ಇದಕ್ಕಾಗಿ ಶುರುಮಾಡಬೇಕಾದ ಅಗತ್ಯವೂ ಇಲ್ಲ. ಸವಿಯುವುದೆಂದರೆ ಕಡಿಮೆ ಕುಡಿದು ಹೆಚ್ಚು ಗಮನಿಸುವುದು.

ಭಾಗ ಒಂದು: ಸವಿಯುವುದು

ಹಂತ 1: ಲೋಟ ಚೊಕ್ಕಟವಾಗಿರಲಿ

ಬಾಟಲಿಯಿಂದ ನೇರ ಕುಡಿದರೆ ಮೂಗಿಗೆ ಕೆಲಸವೇ ಇರುವುದಿಲ್ಲ. ರುಚಿ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ವಾಸನೆಯದು. ಆದ್ದರಿಂದ ಗಾಜಿನ ಲೋಟ ಬೇಕೇ ಬೇಕು. ಬಾಯಿ ಕೊಂಚ ಒಳಬಾಗಿದ್ದರೆ ಘಮ ಒಳಗೇ ನಿಲ್ಲುತ್ತದೆ.

ಲೋಟದಲ್ಲಿ ಎಣ್ಣೆಯ ಜಿಡ್ಡು, ಸೋಪಿನ ಪಸೆ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಪರೀಕ್ಷಿಸುವುದು ಸುಲಭ. ತೊಳೆದ ಲೋಟವನ್ನು ನೀರಲ್ಲಿ ಅದ್ದಿ ಎತ್ತಿ. ನೀರು ಎಲ್ಲ ಕಡೆ ಒಂದೇ ಸಮನೆ ಇಳಿದುಹೋದರೆ ಲೋಟ ಚೊಕ್ಕಟ. ಅಲ್ಲಲ್ಲಿ ಹನಿಗಟ್ಟಿ ಅಂಟಿ ನಿಂತರೆ ಜಿಡ್ಡಿದೆ, ಮತ್ತೆ ತೊಳೆಯಿರಿ. ಬಿಯರ್ ಸುರಿದ ಮೇಲೂ ಇದು ಗೊತ್ತಾಗುತ್ತದೆ: ಗಾಜಿನ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಕಚ್ಚಿಕೊಂಡಿದ್ದರೆ ಅಲ್ಲಿ ಕೊಳೆ ಇದೆ ಎಂದರ್ಥ.

ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ, ನಾಲಿಗೆಯೂ ಜಡವಾಗುತ್ತದೆ. ಲಾಗರ್‌ಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್, ಪೇಲ್ ಏಲ್‌ಗೆ 7ರಿಂದ 10, ಸ್ಟೌಟ್‌ಗೆ 10ರಿಂದ 13 ಡಿಗ್ರಿ ಸರಿಸುಮಾರು ಹಿತ. ಫ್ರಿಜ್ಜಿನಿಂದ ತೆಗೆದು ಕೊಂಚ ಹೊತ್ತು ಹೊರಗಿಟ್ಟರೆ ಸಾಕು. ಕಾಫಿ, ಎಲೆ ಅಡಿಕೆ, ಖಾರದ ತಿಂಡಿಯ ಬೆನ್ನಿಗೇ ಸವಿಯಲು ಕೂರಬೇಡಿ. ಕೋಣೆಯಲ್ಲಿ ಊದಿನಕಡ್ಡಿ, ಸೆಂಟಿನ ವಾಸನೆಯೂ ಬೇಡ.

ಹಂತ 2: ನೋಡಿ, ಮೂಸಿ, ಆಮೇಲೆ ಗುಟುಕು

ಲೋಟವನ್ನು ಓರೆಯಾಗಿ ಹಿಡಿದು ಅರ್ಧ ಸುರಿಯಿರಿ, ಆಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿದು ನೊರೆ ಎಬ್ಬಿಸಿ. ಸವಿಯಲು 100 ಮಿಲಿಲೀಟರ್ ಧಾರಾಳವಾಯಿತು. ಬಣ್ಣ ಹುಲ್ಲಿನದೋ ಜೇನಿನದೋ ತಾಮ್ರದ್ದೋ? ತಿಳಿಯಾಗಿದೆಯೋ ಮಬ್ಬಾಗಿದೆಯೋ? ನೊರೆ ಎಷ್ಟು ಹೊತ್ತು ನಿಂತಿತು? ಇಷ್ಟು ನೋಡಿಕೊಳ್ಳಿ.

ಘಮ ಬೇಗ ಹಾರಿಹೋಗುವುದರಿಂದ ನೋಡುತ್ತಾ ಕೂರದೆ ಮೂಗಿಗೆ ಹಿಡಿಯಿರಿ. ಒಂದೇ ಸಮನೆ ಉದ್ದಕ್ಕೆ ಎಳೆಯುವ ಬದಲು ಎರಡು ಮೂರು ಚಿಕ್ಕ ಉಸಿರು ತೆಗೆದುಕೊಳ್ಳಿ. ಮೂರು ಮೂಲಗಳನ್ನು ಬೇರೆ ಮಾಡಲು ಪ್ರಯತ್ನಿಸಿ. ಮಾಲ್ಟ್‌ನಿಂದ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಬರುವುದು ಬ್ರೆಡ್, ಬಿಸ್ಕತ್ತು, ಕಾಕಂಬಿ, ಹುರಿದ ಕಾಫಿಬೀಜದ ಬಳಗ. ಹಾಪ್ಸ್‌ನಿಂದ ಬರುವುದು ನಿಂಬೆ, ಚಕ್ಕೋತ, ಹೂವು, ಹುಲ್ಲು, ಪೈನ್ ಮರದ ಅಂಟು. ಯೀಸ್ಟ್‌ನಿಂದ ಬರುವುದು ಬಾಳೆಹಣ್ಣು, ಲವಂಗ, ಪೇರಲೆಯಂಥವು.

ಈಗ ಗುಟುಕು. ಬಾಯಿತುಂಬ ಆಡಿಸಿ ನುಂಗಿ, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಬಾಯೊಳಗಿನ ಘಮ ಹಿಂದಿನಿಂದ ಮೂಗಿಗೆ ಏರುವುದು ಆಗಲೇ. ವೈನ್ ಸವಿಯುವವರಂತೆ ಉಗುಳಿದರೆ ಬಿಯರ್‌ನ ಕಹಿ ಪೂರ್ತಿ ತಿಳಿಯುವುದಿಲ್ಲ. ಅದು ಗಂಟಲಲ್ಲಿ ನಿಧಾನವಾಗಿ ಏಳುವಂಥದ್ದು. ಸಿಹಿ ಮೊದಲೋ ಕಹಿ ಮೊದಲೋ, ಕಹಿ ಎಷ್ಟು ಹೊತ್ತು ಉಳಿಯಿತು, ನಾಲಿಗೆ ಒಗರಾಯಿತೇ, ಮೈ ತೆಳುವೋ ಮಂದವೋ ಎಂದು ಕೇಳಿಕೊಳ್ಳಿ.

ಹಂತ 3: ಬರೆದಿಡಿ

ಬರೆಯದ ರುಚಿ ವಾರದಲ್ಲಿ ಮರೆತುಹೋಗುತ್ತದೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ವ್ಯವಸ್ಥೆಯ ಅಂಕಪಟ್ಟಿ ಹೊಸಬರಿಗೂ ಒಳ್ಳೆಯ ಚೌಕಟ್ಟು. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸುವ ಮೈಕಟ್ಟಿಗೆ 5, ಒಟ್ಟಾರೆ ಅನುಭವಕ್ಕೆ 10. ನೋಟಕ್ಕೆ ಮೂರೇ ಅಂಕ, ಮೂಗಿಗೆ ಹನ್ನೆರಡು ಎನ್ನುವುದನ್ನು ಗಮನಿಸಿ. ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂದು ಬರೆಯಬೇಡಿ. ‘ಚಕ್ಕೋತದ ಸಿಪ್ಪೆ, ಸುಟ್ಟ ಬ್ರೆಡ್, ಕೊನೆಯಲ್ಲಿ ಒಗರು’ ಎಂದು ಬರೆಯಿರಿ. ನಿಮ್ಮ ಅಡುಗೆಮನೆಯಲ್ಲಿ, ತೋಟದಲ್ಲಿ ಗೊತ್ತಿರುವ ವಾಸನೆಗಳ ಹೆಸರೇ ಸಾಕು.

ಹಂತ 4: ಮೂರು ಅಭ್ಯಾಸ

ಮೊದಲನೆಯದು ಶೈಲಿಗಳ ಹೋಲಿಕೆ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆಯ ಮೈಕ್ರೊಬ್ರೂವರಿಗಳಲ್ಲಿ ಚಿಕ್ಕ ಚಿಕ್ಕ ಲೋಟಗಳ ಸ್ಯಾಂಪ್ಲರ್ ಕೇಳಿ. ಹಗುರವಾದದ್ದರಿಂದ ಶುರುಮಾಡಿ ಗಾಢವಾದದ್ದರ ಕಡೆಗೆ ಹೋಗಿ. ಜರ್ಮನಿಯ ಹೆಫೆವೈಜ಼ನ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ ಸಿಗುತ್ತದೆ. ಅದರಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎಲ್ಲ ಯೀಸ್ಟ್‌ನ ಕೆಲಸ. ಬೆಲ್ಜಿಯಂನ ವಿಟ್ ಬಿಯರ್‌ನಲ್ಲಿ ಮಾತ್ರ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ಅಳಿದೇಹೋಗಿದ್ದ ಈ ಶೈಲಿಗೆ ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ 1960ರ ದಶಕದಲ್ಲಿ ಮರುಜೀವ ಕೊಟ್ಟರು. ಪಕ್ಕಪಕ್ಕ ಇಟ್ಟು ಮೂಸಿದರೆ ಯೀಸ್ಟ್‌ನ ಮಸಾಲೆಗೂ ಡಬ್ಬಿಯ ಮಸಾಲೆಗೂ ಇರುವ ವ್ಯತ್ಯಾಸ ಮರೆಯುವುದೇ ಇಲ್ಲ.

ಎರಡನೆಯದು ಬಿಸಿಲಿನ ಪರೀಕ್ಷೆ. ಕಂದು ಬಾಟಲಿಯ ಸಾಧಾರಣ ಲಾಗರ್ ಒಂದನ್ನು ಎರಡು ಗಾಜಿನ ಲೋಟಕ್ಕೆ ಸುರಿಯಿರಿ. ಒಂದನ್ನು ಅಲಮಾರಿಯ ಕತ್ತಲಲ್ಲಿ, ಇನ್ನೊಂದನ್ನು ನೇರ ಬಿಸಿಲಲ್ಲಿ ಅರ್ಧ ಗಂಟೆ ಇಡಿ. ಎರಡನ್ನೂ ಮತ್ತೆ ಒಂದೇ ತಂಪಿಗೆ ತಂದು ಮೂಸಿ. ಬಿಸಿಲಿನದ್ದರಲ್ಲಿ ರಬ್ಬರ್ ಸುಟ್ಟಂಥ, ಅಮೆರಿಕನ್ನರು ಸ್ಕಂಕ್ ಎಂಬ ಪ್ರಾಣಿಯ ನಾತಕ್ಕೆ ಹೋಲಿಸುವ ವಾಸನೆ ಎದ್ದಿರುತ್ತದೆ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಕಂದು ಗಾಜು ಈ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಬೆಳಕಿಗೆ ಕೆಡದಂತೆ ಸಂಸ್ಕರಿಸಿದ ಹಾಪ್ಸ್ ಸಾರ ಬಳಸಿದ ಬ್ರಾಂಡ್ ಆಗಿದ್ದರೆ ವ್ಯತ್ಯಾಸ ಕಾಣದಿರಬಹುದು. ಆಗ ಬೇರೆಯದನ್ನು ಪ್ರಯತ್ನಿಸಿ.

ಮೂರನೆಯದು ಮೂರು ಲೋಟದ ಪರೀಕ್ಷೆ. ಎರಡು ಲೋಟದಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಅದಕ್ಕೆ ಹತ್ತಿರದ ಇನ್ನೊಂದು. ಬೇರೆಯವರು ಸುರಿದು ತಂದಿಡಲಿ. ಬೇರೆಯದು ಯಾವುದೆಂದು ನೀವು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲಕ್ಕೆ ಬೀಗಬೇಡಿ. ಮತ್ತೆ ಮತ್ತೆ ಸರಿಯಾಗತೊಡಗಿದರೆ ನಾಲಿಗೆ ಹದಕ್ಕೆ ಬಂತು ಎಂದು ತಿಳಿಯಿರಿ. ಈ ಪರೀಕ್ಷೆ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಭಾಗ ಎರಡು: ತಯಾರಿಸುವುದು

ಮೊದಲ ಸಲ ನಾಲ್ಕೇ ಲೀಟರ್ ಮಾಡಿ. ಅಡುಗೆಮನೆಯ ಒಲೆಗೆ ಆಗುತ್ತದೆ, ಕೆಟ್ಟರೂ ದೊಡ್ಡ ನಷ್ಟವಿಲ್ಲ, ಕುಡಿದು ಮುಗಿಸುವ ಒತ್ತಡವೂ ಇಲ್ಲ. ಶೈಲಿ: ಅಮೆರಿಕನ್ ಪೇಲ್ ಏಲ್. ಲಾಗರ್‌ಗೆ ಬೇಕಾದ ತಣ್ಣನೆಯ ಜಾಗ ಇದಕ್ಕೆ ಬೇಡ. ಈ ಶೈಲಿಯ ಬೆನ್ನೆಲುಬು ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ. ಆರೆಗನ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಇದರ ಚಕ್ಕೋತದ ಘಮವನ್ನು ಕ್ಯಾಲಿಫೋರ್ನಿಯಾದ ಚಿಕೊ ಊರಿನ ಸಿಯೆರಾ ನೆವಾಡಾ ಪೇಲ್ ಏಲ್ 1980ರಿಂದ ಮನೆಮನೆಗೆ ಮುಟ್ಟಿಸಿತು. ಅದನ್ನೊಮ್ಮೆ ತಂದು ಸವಿದು, ಟಿಪ್ಪಣಿ ಬರೆದಿಡಿ. ನೀವು ಮುಟ್ಟಬೇಕಾದ ಗುರಿ ಏನೆಂದು ಆಗ ಕಣ್ಣಿಗೆ ಕಾಣುತ್ತದೆ.

ಹಂತ 5: ಪಾತ್ರೆ, ಸಾಮಗ್ರಿ ಹೊಂದಿಸಿ

ಪಾತ್ರೆಗಳು:
- 10ರಿಂದ 12 ಲೀಟರಿನ ಸ್ಟೀಲ್ ಪಾತ್ರೆ
- ಧಾನ್ಯ ನೆನೆಸಲು ದೊಡ್ಡ ಬಲೆಚೀಲ
- ಹುದುಗಿಸಲು 6ರಿಂದ 8 ಲೀಟರಿನ ಮುಚ್ಚಳವಿರುವ ಫುಡ್‌ಗ್ರೇಡ್ ಬಕೆಟ್, ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ)
- ಥರ್ಮಾಮೀಟರ್, ಹೈಡ್ರೋಮೀಟರ್, ಗ್ರಾಂ ತೂಗುವ ತಕ್ಕಡಿ
- ಸೈಫನ್ ಕೊಳವೆ, ಕಂದು ಬಣ್ಣದ 355 ಮಿಲಿಲೀಟರ್ ಬಾಟಲಿ 10–11, ಬಿರಡೆ, ಬಿರಡೆ ಒತ್ತುವ ಸಾಧನ

ಬಾಟಲಿ ತಿರುಗಿಸಿ ತೆಗೆಯುವ ಬಗೆಯದ್ದಾಗಿರಬಾರದು, ಅದರ ಬಾಯಿಗೆ ಈ ಬಿರಡೆ ಭದ್ರವಾಗಿ ಕೂರುವುದಿಲ್ಲ.

ಸಾಮಗ್ರಿ:
- ಪೇಲ್ ಮಾಲ್ಟ್ 900 ಗ್ರಾಂ, ತಿಳಿ ಬಣ್ಣದ ಕ್ರಿಸ್ಟಲ್ ಮಾಲ್ಟ್ 100 ಗ್ರಾಂ. ಎರಡನ್ನೂ ಅಂಗಡಿಯಲ್ಲೇ ತರಿತರಿಯಾಗಿ ಒಡೆಸಿ ತನ್ನಿ
- ಕ್ಯಾಸ್ಕೇಡ್ ಹಾಪ್ಸ್ ಗುಳಿಗೆಯ 28 ಗ್ರಾಂ ಪೊಟ್ಟಣ ಒಂದು
- ಸಾಫ್‌ಏಲ್ ಯುಎಸ್-05 ಒಣ ಯೀಸ್ಟ್ ಪೊಟ್ಟಣ ಒಂದು
- ನೀರು 7 ಲೀಟರ್, ಬಾಟಲಿ ತುಂಬುವ ದಿನಕ್ಕೆ ಸಕ್ಕರೆ

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಿಯರ್‌ಗೆ ಬ್ಯಾಂಡೇಜಿನ ವಾಸನೆ ಬರುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಹಾಕುವ ಕ್ಲೋರಮಿನ್ ಬರೀ ಕುದಿಸಿದರೆ ಸುಲಭಕ್ಕೆ ಹೋಗುವುದಿಲ್ಲ. ಮೊದಲ ಸಲಕ್ಕೆ ಅಂಗಡಿಯ ಸ್ಪ್ರಿಂಗ್ ವಾಟರ್ ತರುವುದೇ ಸುಲಭದ ದಾರಿ.

ಹಂತ 6: ಧಾನ್ಯ ನೆನೆಸಿ ಸಿಹಿ ತೆಗೆಯಿರಿ

ಬಿಯರ್ ಮಾಡುವ ದಿನ ನಾಲ್ಕೈದು ಗಂಟೆ ಬಿಡುವಿರಲಿ. ಏಳು ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ, ಉರಿ ಆರಿಸಿ, ಬಲೆಚೀಲ ಇಳಿಬಿಟ್ಟು ಅದರೊಳಗೆ ಧಾನ್ಯ ಸುರಿದು ಗಂಟಾಗದಂತೆ ಕಲಕಿ. ಶಾಖ 67 ಡಿಗ್ರಿ ಹತ್ತಿರ ಬಂದು ನಿಲ್ಲುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ, ದಪ್ಪ ಟವೆಲ್ ಸುತ್ತಿ ಒಂದು ಗಂಟೆ ಬಿಡಿ. ನಡುವೆ ಒಮ್ಮೆ ನೋಡಿ, 65ಕ್ಕಿಂತ ಇಳಿದಿದ್ದರೆ ಟವೆಲ್ ತೆಗೆದು ಸಣ್ಣ ಉರಿಯಲ್ಲಿ ಕಲಕುತ್ತಾ ಸ್ವಲ್ಪ ಬಿಸಿ ಮಾಡಿ.

ಈ ಒಂದು ಗಂಟೆಯಲ್ಲಿ ನಡೆಯುವುದನ್ನು ನಮ್ಮ ಮನೆಗಳಲ್ಲಿ ಕೂಸುಗಳಿಗೆ ಮಾಡುವ ರಾಗಿ ಸರಿಯಲ್ಲಿ ನೀವು ಕಂಡಿದ್ದೀರಿ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಸರಿ ಸಾದಾ ರಾಗಿ ಗಂಜಿಗಿಂತ ತೆಳ್ಳಗೆ, ಕೊಂಚ ಸಿಹಿಯಾಗಿ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಮಾಲ್ಟ್ ಎಂದರೆ ಹಾಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಶಾಖ 65ರ ಹತ್ತಿರವಿದ್ದರೆ ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆ ಹೆಚ್ಚು ಸಿಕ್ಕಿ ಬಿಯರ್ ಹಗುರವಾಗುತ್ತದೆ. 70ರ ಹತ್ತಿರವಿದ್ದರೆ ಯೀಸ್ಟ್‌ಗೆ ದಕ್ಕದ ಸಕ್ಕರೆ ಉಳಿದು ಮೈ ದಪ್ಪವಾಗುತ್ತದೆ. 67 ಇವೆರಡರ ನಡುವಿನ ಹದ.

ಗಂಟೆ ಕಳೆದ ಮೇಲೆ ಚೀಲ ಎತ್ತಿ, ಪಾತ್ರೆಯ ಮೇಲೆ ಜಾಲರಿಯಲ್ಲಿಟ್ಟು ಸೋರಲು ಬಿಡಿ, ಕೈಗೆ ಬಿಸಿ ತಾಗದಂತೆ ಮೆಲ್ಲಗೆ ಒತ್ತಿ. ಕೆಳಗೆ ಉಳಿದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಚೀಲದ ಚರಟ ಗಿಡಗಳಿಗೆ ಒಳ್ಳೆಯ ಗೊಬ್ಬರ.

ಹಂತ 7: ಕುದಿಸಿ, ಹಾಪ್ಸ್ ಹಾಕಿ

ಉರಿ ಜೋರು ಮಾಡಿ. ಕುದಿ ಬರುವ ಹೊತ್ತಿಗೆ ಪಾತ್ರೆಯ ಬಳಿಯೇ ನಿಲ್ಲಿ. ಮೊದಲು ಅಂಚಿನಲ್ಲಿ ಕಂದು ನೊರೆ ಸಾಲುಗಟ್ಟುತ್ತದೆ, ನೋಡನೋಡುತ್ತಲೇ ಇಡೀ ಮೇಲ್ಮೈ ಮುಚ್ಚಿ ಬಾಯಿಯವರೆಗೆ ಏರುತ್ತದೆ. ಉರಿ ತಗ್ಗಿಸಿ ಚಮಚದಿಂದ ಕಲಕಿದರೆ ಇಳಿಯುತ್ತದೆ. ಕೊಂಚ ಹೊತ್ತಿಗೆ ನೊರೆ ಒಡೆದು, ರಸದಲ್ಲಿ ಮೊಟ್ಟೆಯ ಬಿಳಿ ಹೆಪ್ಪುಗಟ್ಟಿದಂಥ ಚೂರುಗಳು ಸುತ್ತಾಡತೊಡಗುತ್ತವೆ. ಅದು ಪ್ರೋಟೀನ್. ಅಲ್ಲಿಂದ ಮುಂದೆ ಉಕ್ಕುವ ಭಯ ಕಡಿಮೆ. ಆಗ ಗಡಿಯಾರ ಒತ್ತಿ, 60 ನಿಮಿಷ ಎಣಿಸಿ:

- ಶುರುವಿಗೇ 7 ಗ್ರಾಂ ಹಾಪ್ಸ್
- ಮುಗಿಯಲು 15 ನಿಮಿಷ ಇರುವಾಗ 5 ಗ್ರಾಂ
- ಉರಿ ಆರಿಸಿದ ಕೂಡಲೇ 8 ಗ್ರಾಂ

ಒಂದೇ ಹಾಪ್ಸ್ ಅನ್ನು ಮೂರು ಕಂತಿನಲ್ಲಿ ಹಾಕುವುದಕ್ಕೆ ಕಾರಣವಿದೆ. ಅದರ ಆಲ್ಫಾ ಆಮ್ಲ ಹೆಚ್ಚು ಹೊತ್ತು ಕುದಿದರಷ್ಟೇ ರೂಪ ಬದಲಿಸಿ ಕಹಿಯಾಗಿ ಕರಗುತ್ತದೆ. ಅದರ ಘಮದ ಎಣ್ಣೆಯಾದರೋ ಕುದಿದಷ್ಟೂ ಆವಿಯಾಗಿ ಹೋಗುತ್ತದೆ. ಮೊದಲ ಕಂತು ಕಹಿಗೆ, ಕೊನೆಯದು ಘಮಕ್ಕೆ, ನಡುವಿನದು ಎರಡಕ್ಕೂ. ಮುಚ್ಚಳ ತೆರೆದೇ ಕುದಿಸಿ. ಮುಚ್ಚಿದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಸಂಯುಕ್ತ ಹೊರಹೋಗದೆ ಉಳಿಯುತ್ತದೆ. ಮಿಕ್ಕ 8 ಗ್ರಾಂ ಹಾಪ್ಸ್ ಅನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಹಾಪ್ಸ್ ನಾಯಿಗಳಿಗೆ ವಿಷ. ಪೊಟ್ಟಣವನ್ನೂ ಕುದಿಸಿದ ಗಸಿಯನ್ನೂ ಅವುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಹಂತ 8: ಇಲ್ಲಿಂದ ಮುಂದೆ ಶುಚಿಯೇ ಎಲ್ಲ

ಕುದಿ ನಿಂತ ಮೇಲೆ ವರ್ಟ್ ಮುಟ್ಟುವ ಪ್ರತಿಯೊಂದೂ ಮೊದಲು ತೊಳೆದು, ಆಮೇಲೆ ಸ್ಯಾನಿಟೈಸ್ ಆಗಿರಬೇಕು. ಇವು ಎರಡು ಬೇರೆ ಕೆಲಸಗಳು: ಕೊಳೆ ಇದ್ದ ಪಾತ್ರೆಗೆ ಸ್ಯಾನಿಟೈಸರ್ ಹಾಕಿ ಪ್ರಯೋಜನವಿಲ್ಲ. ಸ್ಟಾರ್ ಸ್ಯಾನ್‌ನಂಥ ಆಮ್ಲದ ಸ್ಯಾನಿಟೈಸರ್ ಅನ್ನು ಲೀಟರ್ ನೀರಿಗೆ ಸುಮಾರು ಒಂದೂವರೆ ಮಿಲಿಲೀಟರ್ ಬೆರೆಸಿ, ಬಕೆಟ್, ಮುಚ್ಚಳ, ಏರ್‌ಲಾಕ್, ಕತ್ತರಿ, ಯೀಸ್ಟ್ ಪೊಟ್ಟಣದ ಹೊರಮೈ ಎಲ್ಲಕ್ಕೂ ತಾಗಿಸಿ ಒಂದೆರಡು ನಿಮಿಷ ಬಿಡಿ. ಮತ್ತೆ ನೀರಿನಲ್ಲಿ ಜಾಲಾಡಿಸಬೇಡಿ, ಉಳಿದ ನೊರೆಯಿಂದ ಏನೂ ಆಗುವುದಿಲ್ಲ.

ಪಾತ್ರೆಗೆ ಮುಚ್ಚಳ ಹಾಕಿ, ಐಸ್ ನೀರು ತುಂಬಿದ ಸಿಂಕ್‌ನಲ್ಲಿಟ್ಟು ಆದಷ್ಟು ಬೇಗ 20 ಡಿಗ್ರಿಗೆ ಇಳಿಸಿ. ಬೆಚ್ಚಗಿನ ಸಿಹಿರಸ ಎಂದರೆ ಗಾಳಿಯಲ್ಲಿರುವ ಎಲ್ಲ ಸೂಕ್ಷ್ಮಜೀವಿಗಳಿಗೂ ಆಹ್ವಾನ.

ಹಂತ 9: ಅಳೆಯಿರಿ, ಯೀಸ್ಟ್ ಹಾಕಿ, ಕಾಯಿರಿ

ತಣ್ಣಗಾದ ವರ್ಟನ್ನು ತಳದ ಗಸಿ ಬಿಟ್ಟು ಬಕೆಟ್ಟಿಗೆ ಎತ್ತರದಿಂದ ಸುರಿಯಿರಿ. ಗಾಳಿ ಬೆರೆಯುವುದು ಒಳ್ಳೆಯದಾಗಿರುವುದು ಈ ಒಂದೇ ಘಟ್ಟದಲ್ಲಿ, ಯೀಸ್ಟ್‌ಗೆ ಬೆಳೆಯಲು ಆಮ್ಲಜನಕ ಬೇಕು. ಸ್ವಲ್ಪ ತೆಗೆದು ಹೈಡ್ರೋಮೀಟರಿನಲ್ಲಿ ಸಾಂದ್ರತೆ ಅಳೆಯಿರಿ. 1.050ರ ಆಸುಪಾಸು ಬರಬೇಕು. ಬರೆದಿಟ್ಟುಕೊಳ್ಳಿ. ಅಳೆದದ್ದನ್ನು ಮತ್ತೆ ಬಕೆಟ್ಟಿಗೆ ಸುರಿಯಬೇಡಿ, ಕುಡಿದು ರುಚಿ ನೋಡಿ: ಸಿಹಿ, ಕಹಿ ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ.

ಯೀಸ್ಟ್ ಪೊಟ್ಟಣ 11.5 ಗ್ರಾಂ ಇರುತ್ತದೆ. ನಾಲ್ಕು ಲೀಟರಿಗೆ ಅದರ ಮೂರನೇ ಒಂದು ಭಾಗ ಸಾಕು. ಮೇಲೆ ಉದುರಿಸಿ, ಮುಚ್ಚಿ, ಏರ್‌ಲಾಕ್ ಸಿಕ್ಕಿಸಿ 18ರಿಂದ 20 ಡಿಗ್ರಿಯ ಕತ್ತಲೆ ಜಾಗದಲ್ಲಿಡಿ. ಸಾಮಾನ್ಯವಾಗಿ ಮರುದಿನ ಗುಳುಗುಳು ಶುರುವಾಗುತ್ತದೆ. ಮೊದಲ ಮೂರು ದಿನಗಳೇ ಮುಖ್ಯ. ಹುದುಗುವಾಗ ಒಳಗಿನ ಶಾಖ ಕೋಣೆಗಿಂತ ಹೆಚ್ಚಿರುತ್ತದೆ. 25 ದಾಟಿದರೆ ಸ್ಪಿರಿಟ್ಟಿನ ಖಾರ ಬರಬಹುದು. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟರೆ ಶಾಖ ಹಿಡಿತದಲ್ಲಿರುತ್ತದೆ. ಮುಚ್ಚಳ ತೆಗೆದು ಇಣುಕಬೇಡಿ.

ಗುಳ್ಳೆ ನಿಂತಿತೆಂದು ಹುದುಗು ಮುಗಿಯಿತು ಎಂದುಕೊಳ್ಳುವಂತಿಲ್ಲ. ಎರಡು ವಾರದ ನಂತರ ಅಳೆಯಿರಿ, ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಎರಡೂ ಸಲ ಒಂದೇ ಅಂಕಿ, 1.010–1.012ರ ಹತ್ತಿರ ಬಂದರೆ ಮುಗಿದಂತೆ. ಎರಡು ಅಳತೆಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೊಹಾಲ್ ಪ್ರಮಾಣ ಸಿಗುತ್ತದೆ. 1.050ರಲ್ಲಿ 1.011 ಕಳೆದರೆ 0.039, ಗುಣಿಸಿದರೆ ಸುಮಾರು ಶೇ 5.1.

ಹಂತ 10: ಬಾಟಲಿ ತುಂಬಿ

ಬಾಟಲಿಯೊಳಗೆ ಉಳಿದ ಯೀಸ್ಟ್‌ಗೆ ಚೂರು ಸಕ್ಕರೆ ಕೊಟ್ಟರೆ ಅದು ಬಿಡುವ ಅನಿಲವೇ ಬಿಯರ್‌ನ ಗುಳ್ಳೆ. ಲೀಟರಿಗೆ 6 ಗ್ರಾಂನಂತೆ ಅಡುಗೆಮನೆಯ ಸಕ್ಕರೆ ತೂಗಿ. ಮೂರೂಮುಕ್ಕಾಲು ಲೀಟರ್ ಬಿಯರ್‌ಗೆ 22 ಗ್ರಾಂ. ಚಮಚದ ಅಂದಾಜು ಬೇಡವೇ ಬೇಡ. ಸಕ್ಕರೆ ಹೆಚ್ಚಾದರೆ, ಇಲ್ಲವೇ ಹುದುಗು ಮುಗಿಯುವ ಮೊದಲೇ ತುಂಬಿದರೆ, ಬಾಟಲಿ ಸಿಡಿದು ಗಾಜು ಹಾರುತ್ತದೆ. ಈ ಇಡೀ ಕೆಲಸದಲ್ಲಿ ಕುದಿಯುವ ಪಾತ್ರೆ ಬಿಟ್ಟರೆ ನಿಜವಾದ ಅಪಾಯ ಇದೊಂದೇ.

ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕುದಿಸಿ ಆರಿಸಿ, ಸ್ಯಾನಿಟೈಸ್ ಮಾಡಿದ ಇನ್ನೊಂದು ಪಾತ್ರೆಗೆ ಹಾಕಿ. ಅದರ ಮೇಲೆ ಬಿಯರನ್ನು ಸೈಫನ್ನಿನಿಂದ ಸದ್ದಿಲ್ಲದೆ ಇಳಿಸಿ. ಈಗ ಗಾಳಿ ಬೆರೆಯಕೂಡದು, ಬೆರೆತರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಎರಡೂವರೆ ಸೆಂಟಿಮೀಟರ್ ಜಾಗ ಬಿಟ್ಟು ತುಂಬಿ, ಬಿರಡೆ ಒತ್ತಿ. ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಅದು ಒತ್ತಿದರೆ ಕಲ್ಲಿನಷ್ಟು ಗಟ್ಟಿಯಾದಾಗ ಉಳಿದವೂ ಸಿದ್ಧವೆಂದು ತಿಳಿಯುತ್ತದೆ. 20 ಡಿಗ್ರಿಯ ಆಸುಪಾಸಿನಲ್ಲಿ, ಕತ್ತಲಲ್ಲಿ ಎರಡು ವಾರ ಇಟ್ಟು, ಆಮೇಲೆ ಫ್ರಿಜ್ಜಿಗೆ ಹಾಕಿ.

ಭಾಗ ಮೂರು: ನಿಮ್ಮದನ್ನೇ ಪರೀಕ್ಷಿಸಿ

ಹಂತ 11: ಅಂಗಡಿಯದಕ್ಕೆ ಕೂರುವ ಹಾಗೆ ಕೂರಿರಿ

ತಳದ ಗಸಿ ಕದಡದಂತೆ ಸುರಿದು, ಮೊದಲ ಭಾಗದ ಹಂತಗಳನ್ನು ಒಂದೂ ಬಿಡದೆ ಮಾಡಿ, 50 ಅಂಕಗಳ ಪಟ್ಟಿ ತುಂಬಿಸಿ. ದೋಷ ಸಿಕ್ಕರೆ ಅದರ ಮೂಲ ಹುಡುಕಲು ಇದು ನೆರವಾಗುತ್ತದೆ:

- ಬೆಣ್ಣೆ, ಪಾಪ್‌ಕಾರ್ನ್: ಹುದುಗು ಪೂರ್ತಿಯಾಗುವ ಮೊದಲೇ ತೆಗೆದದ್ದು. ಮುಂದಿನ ಸಲ ಯೀಸ್ಟ್ ಜೊತೆ ಇನ್ನೂ ಮೂರು ದಿನ ಬಿಡಿ.
- ಹಸಿ ಸೇಬು: ಬಿಯರ್ ಇನ್ನೂ ಎಳೆಯದು. ಕಾಯಿರಿ.
- ಬೇಯಿಸಿದ ಮೆಕ್ಕೆಜೋಳ: ಕುದಿ ಸಾಲದು, ಅಥವಾ ತಣಿಸಿದ್ದು ತಡವಾಯಿತು.
- ಒದ್ದೆ ರಟ್ಟು, ಹಳೆಯ ಕಾಗದ: ಬಾಟಲಿ ತುಂಬುವಾಗ ಗಾಳಿ ಬೆರೆತಿದೆ.
- ಬ್ಯಾಂಡೇಜ್, ಆಸ್ಪತ್ರೆ: ನೀರಿನ ಕ್ಲೋರಿನ್, ಇಲ್ಲವೇ ಹೊರಗಿನ ಯೀಸ್ಟ್ ಸೇರಿದೆ.
- ಬಯಸದ ಹುಳಿ: ಶುಚಿಯಲ್ಲಿ ಲೋಪ.
- ಗಂಟಲು ಸುಡುವ ಸ್ಪಿರಿಟ್: ಹುದುಗುವಾಗ ಶಾಖ ಏರಿದೆ.

ಯಾವುದು ದೋಷ ಎನ್ನುವುದನ್ನು ಶೈಲಿ ತೀರ್ಮಾನಿಸುತ್ತದೆ. ಹೆಫೆವೈಜ಼ನ್‌ನಲ್ಲಿ ಎಲ್ಲರೂ ಬಯಸುವ ಲವಂಗದ ಘಮ ನಿಮ್ಮ ಪೇಲ್ ಏಲ್‌ನಲ್ಲಿ ಬಂದರೆ ಅಲ್ಲಿ ಬೇರೆ ಯೀಸ್ಟ್ ನುಸುಳಿದೆ ಎಂದು ಅರ್ಥ. ಸವಿಯಲು ಕಲಿಯದವರಿಗೆ ಈ ಸುಳಿವು ಸಿಗುವುದೇ ಇಲ್ಲ.

ಹಂತ 12: ಎರಡನೆಯ ಸಲ ಒಂದನ್ನೇ ಬದಲಿಸಿ

ಮೊದಲನೆಯದು ಚೆನ್ನಾಗಿ ಬಂದರೂ ಸರಿ, ಬಾರದಿದ್ದರೂ ಸರಿ, ಮತ್ತೆ ಅದೇ ಪೇಲ್ ಏಲ್ ಮಾಡಿ. ಒಂದೇ ಒಂದು ಅಂಶ ಬದಲಿಸಿ: ಕೊನೆಯ ಕಂತಿನ ಹಾಪ್ಸ್ 8 ಗ್ರಾಂ ಇದ್ದದ್ದನ್ನು 16 ಮಾಡಿ, ಅಥವಾ 67 ಡಿಗ್ರಿಯ ಬದಲು 65ರಲ್ಲಿ ನೆನೆಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮೊದಲ ಸಲದ ಎರಡು ಬಾಟಲಿಯನ್ನು ಫ್ರಿಜ್ಜಿನ ಹಿಂಬದಿಯಲ್ಲಿ ಎತ್ತಿಟ್ಟಿರಿ. ಎರಡನೆಯದು ಸಿದ್ಧವಾದಾಗ ಮೂರು ಲೋಟದ ಪರೀಕ್ಷೆ ಮಾಡಿ. ನೀವು ಸುರಿಯಬೇಡಿ, ಮನೆಯಲ್ಲಿ ಬೇರೆ ಯಾರಾದರೂ ಸುರಿಯಲಿ. ಹಳೆಯದು ಫ್ರಿಜ್ಜಿನಲ್ಲಿ ಕೆಲವು ವಾರ ಕಳೆದಿರುವುದರಿಂದ ಅದರ ಘಮ ಕೊಂಚ ತಗ್ಗಿರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೇರೆಯದನ್ನು ಮತ್ತೆ ಮತ್ತೆ ಸರಿಯಾಗಿ ಗುರುತಿಸಿದರೆ ನೀವು ಮಾಡಿದ ಬದಲಾವಣೆಗೆ ಬೆಲೆಯಿದೆ, ಪುಸ್ತಕದಲ್ಲಿ ಅದನ್ನು ಪಾಕಕ್ಕೆ ಸೇರಿಸಿ. ಗುರುತಿಸಲಾಗದಿದ್ದರೆ ಅಷ್ಟು ಹಾಪ್ಸ್‌ಗೆ ಮತ್ತೆ ದುಡ್ಡು ಹಾಕಬೇಕಿಲ್ಲ, ಬೇರೊಂದು ಅಂಶ ಬದಲಿಸಿ ನೋಡಿ. ಹೀಗೆ ಮೂರ್ನಾಲ್ಕು ಸಲ ಒಂದೇ ಪಾಕವನ್ನು ತಿದ್ದಿದವರಿಗೆ, ಮೂವತ್ತು ಬಗೆಯ ಪಾಕ ಒಂದೊಂದು ಸಲ ಮಾಡಿದವರಿಗಿಂತ ಹೆಚ್ಚು ವಿದ್ಯೆ ಕೈಹತ್ತಿರುತ್ತದೆ.